ಕೆಂಪು ನಕ್ಷತ್ರದ ಮಡಿಲ ಕೂಸು

ಆಕಾಶದಲ್ಲೊಂದು ಊರು. ಆ ಊರಲ್ಲೊಬ್ಬ ಶ್ರೀಮಂತ. ಎಂಥ ಶ್ರೀಮಂತ? ನಮ್ಮ ದೇಶದ ಒಲೆಗಳನ್ನೆಲ್ಲ ಸಾವಿರ ವರ್ಷ ಉರಿಸಿದರೂ ಅವನ ಒಂದು ಗಳಿಗೆಯ ಬೆಂಕಿಗೆ ಸಾಟಿಯಿಲ್ಲ! ಸಭೆಯಲ್ಲಿ ಕೂತವರು ನಗಬೇಡಿ, ಈ ಸಲ ನನ್ನ ಉತ್ಪ್ರೇಕ್ಷೆಯೇ ಸೋತಿದೆ. ಅವನೊಬ್ಬ ಎಳೆಯ ನಕ್ಷತ್ರ. ನಕ್ಷತ್ರಗಳ ಪೈಕಿ ಚಿಕ್ಕವನು, ಕೆಂಪು ಮೈ, ಕಾವು ಕಡಿಮೆ. ಅದಕ್ಕೇ ಅವನ ಕೂಸು, ಒಂದು ಪುಟ್ಟ ಗ್ರಹ, ಚಳಿ ತಾಳದೆ ಅವನ ಮಡಿಲಿಗೇ ಅಂಟಿಕೊಂಡು ಸುತ್ತುತ್ತಿತ್ತು. ಕೂಸಿಗೆ ಮೈತುಂಬ ನೀರು, ಹೊದೆಯಲು ಗಾಳಿ. ಇನ್ನೇನು, ಜೀವ ಚಿಗುರಬೇಕು.

ನೋಡಿ, ಎಳೆಯ ನಕ್ಷತ್ರ ಗಿರಗಿರ ತಿರುಗುತ್ತದೆ. ತಿರುಗಿದಂತೆಲ್ಲ ಮೈಯೊಳಗಿನ ಕಾಂತಶಕ್ತಿ ಹಗ್ಗದಂತೆ ಹುರಿಗೊಳ್ಳುತ್ತದೆ. ಆ ಹುರಿ ಫಟ್ಟನೆ ಬಿಚ್ಚಿದರೆ ಬೆಂಕಿಯ ಸಿಡಿತ! ಜೊತೆಗೆ ಸದಾ ಬೀಸುವ ಬಿಸಿ ಕಣಗಳ ಗಾಳಿ. ಬೀಸಿದಷ್ಟೂ ಕೂಸಿನ ಹೊದಿಕೆ ಎಳೆ ಎಳೆಯಾಗಿ ಹಾರಿಹೋಗತೊಡಗಿತು, ಅದರ ಜೊತೆ ನೀರೂ ಆವಿಯಾಗಿ.

"ಅಪ್ಪಾ, ನನ್ನ ಹೊದಿಕೆ ಹಾರೋಗ್ತಿದೆ."

"ಸುಮ್ನಿರೋ! ಬೆಳಕು ಕೊಡ್ತಿರೋನು ಯಾರು? ನಾನಲ್ವಾ?"

"ದೂರ ಹೋಗ್ಲಾ?"

"ಹೋಗು! ಹೆಪ್ಪುಗಟ್ಟಿ ಸಾಯ್ತೀಯ."

ಅದೂ ನಿಜವೇ, ಅದೇ ಸಂಕಟ. ಬೆಚ್ಚಗಿರುವ ಜಾಗ ಯಾವುದೋ, ಏಟು ಬೀಳುವ ಜಾಗವೂ ಅದೇ.

ಪಕ್ಕದೂರಿನ ಮುದಿ ನಕ್ಷತ್ರವೊಂದು ನನ್ನ ಈ ಮೈಕಿಗಿಂತ ಕೋಟಿ ಪಾಲು ಜೋರಾಗಿ ಕೂಗಿತು: "ತಣ್ಣಗಾಗೋ ಮಾರಾಯ, ಕೂಸಿಂದು ಇನ್ನೂ ಹಸಿ ಮೈ!"

"ವಯಸ್ಸಾದ್ಮೇಲೆ ತಾನಾಗೇ ತಣ್ಣಗಾಗ್ತೀನಿ ಬಿಡಜ್ಜಿ!"

ಆದ. ಮಾತಿಗೆ ತಪ್ಪಲಿಲ್ಲ. ಕೋಟಿ ಕೋಟಿ ವರ್ಷ ಕಳೆದ ಮೇಲೆ ತಿರುಗಾಟ ನಿಧಾನವಾಯಿತು, ಸಿಡಿತ ನಿಂತಿತು, ಬೆಳಕು ಹದವಾಯಿತು. "ಮಗಾ," ಎಂದು ಕರೆದ. ಕೂಸು ಸುತ್ತುತ್ತಲೇ ಇತ್ತು. ನೀರಿಲ್ಲ, ಗಾಳಿಯಿಲ್ಲ, ಓಗೊಡಲು ಉಸಿರಿಲ್ಲ. ಬರೀ ಕಲ್ಲು. ಇಂಥ ನಕ್ಷತ್ರಗಳ ಆಯುಸ್ಸು ಬಹಳ ಉದ್ದ. ಅಷ್ಟೂ ಕಾಲ ಅವನು ಒಳ್ಳೆಯವನಾಗಿಯೇ ಇದ್ದ. ಯಾರಿಗಾಗಿ?

ಮುಂದಿನ ಸಾಲಿನ ಕೊಟ್ರಪ್ಪನವರೇ, ತಲೆ ಯಾಕೆ ತಗ್ಗಿಸಿದಿರಿ?

"ನಾನೇನ್ ಹೊಡೆಯಲ್ಲ ಬುದ್ಧಿ, ಬರೇ ಕೂಗಾಡ್ತೀನಿ."

ಅವನೂ ಕೈ ಎತ್ತಲಿಲ್ಲ, ಕೊಟ್ರಪ್ಪ. ಬರೀ ಬಿಸಿ ಗಾಳಿ ಬೀಸಿದ.

ನೋಡಿ, ಮಕ್ಕಳು ನಿಮ್ಮ ಪಕ್ಕ ಬಂದು ಕೂರುವುದು ನೀವು ಒಳ್ಳೆಯವರೆಂದಲ್ಲ, ಅವಕ್ಕೆ ಬೇರೆಲ್ಲೂ ಬೆಚ್ಚಗಿಲ್ಲವೆಂದು. ಸಿಟ್ಟು ವಯಸ್ಸಿನ ಜೊತೆ ಇಳಿಯುತ್ತದೆ, ನನಗೂ ಗೊತ್ತು. ಅದಕ್ಕಾಗಿ ಕಾಯಬೇಡಿ. ಇಂದು ಊಟಕ್ಕೆ ಕೂತಾಗ ಸಾರು ಸಪ್ಪೆಯಾಗಿದ್ದರೆ ಉಪ್ಪನ್ನು ಮೆಲ್ಲಗೆ ಕೇಳಿ. ಮಗು ಏನೋ ಹೇಳಲು ಬಾಯಿ ತೆರೆದರೆ, ಮುಗಿಸುವ ತನಕ ನೀವು ಬಾಯಿ ಮುಚ್ಚಿ. ಅದಿನ್ನೂ ನಿಮ್ಮ ಹತ್ತಿರ ಮಾತಾಡುತ್ತಿದೆಯಲ್ಲ!