ಭೀಮಾಬಾಯಿಯ ಕಂಪ್ಲೇಂಟು

ಮಾನ್ಯಾ, ಆ ಫೋನ್ ಟಾರ್ಚ್ ಆರಿಸೇ. ಕರೆಂಟ್ ಬರೋವಾಗ ಬರುತ್ತೆ. ಕತ್ತಲಲ್ಲಿ ಕೂತರೆ ಏನು ಕರಗಿ ಹೋಗ್ತೀಯಾ? ಹತ್ರ ಬಾ... ಇನ್ನೂ ಹತ್ರ. ಇದು ಜೋರಾಗಿ ಹೇಳೋ ವಿಷಯ ಅಲ್ಲ. ಗೋಡೆ ಆಚೆ ಸುಜಯ ಮಲಗಿದಾನೆ.

ಮೊನ್ನೆ ಶ್ರಾದ್ಧದ ಊಟದಲ್ಲಿ, ಪಂಕ್ತೀಲಿ ಎಲ್ಲರೆದುರಿಗೆ ಕೇಳಿದೆಯಲ್ಲ, "ಸುಜಯ ಚಿಕ್ಕಪ್ಪ ಯಾಕೆ ಎಡಗೈಲಿ ಸ್ಪೂನ್ ಹಿಡಿದು ತಿಂತಾರೆ" ಅಂತ? ಆಚಾರ್ರು ಮುಖ ಸಿಂಡರಿಸಿದ್ದು ನೋಡಿದೆಯೋ ಇಲ್ಲವೋ. ನಿನ್ನ ಬಾಯಿಗೆ ಬೀಗ ಹಾಕಬೇಕು ಅನ್ನಿಸಿತು ನನಗೆ. ಕೇಳಿದೀಯ ತಾನೆ, ಈಗ ಪೂರ್ತಿ ಕೇಳು. ನಡುವೆ ಎದ್ದು ಹೋದರೆ ಕಾಲು ಮುರೀತೀನಿ.

ಸುಜಯೀಂದ್ರ ನನ್ನ ಚಿಕ್ಕಮ್ಮನ ಮಗ. ಬೆಸೆಂಟ್ ನಗರದಲ್ಲಿ, ಸಮುದ್ರದಿಂದ ಎರಡು ಬೀದಿ ಈಚೆ ಒಂದು ಫ್ಲ್ಯಾಟ್ ನೋಡ್ಕೋತಿದ್ದ. ಓನರ್ ಎಲ್ಲೋ ಪರದೇಶದಲ್ಲಿ. ಪ್ರವಾಸಕ್ಕೆ ಬರೋರಿಗೆ ದಿನದ ಬಾಡಿಗೆಗೆ ಕೊಡೋದು. ಏಸಿ ಕೆಟ್ಟರೂ ಇವನು, ಫ್ರಿಜ್ ಕೆಟ್ಟರೂ ಇವನು. ಗೆಸ್ಟ್ ಫೋನಲ್ಲಿ ಕಂಪ್ಲೇಂಟ್ ಹಾಕಿದ ತಕ್ಷಣ ಉತ್ತರ ಕೊಡಬೇಕು, ಇಲ್ಲಾಂದ್ರೆ ನಕ್ಷತ್ರ ಕಮ್ಮಿ ಹಾಕ್ತಾರೆ. ಆ ನಕ್ಷತ್ರಕ್ಕೆ ಅವನು ಎಷ್ಟು ಹೆದರ್ತಿದ್ದ ಅಂದರೆ, ರಾಯರ ಮಠದಲ್ಲಿ ಹಸ್ತೋದಕದ ಊಟಕ್ಕೆ ಕೂತಾಗಲೂ ಪಂಚೆ ಒಳಗೆ ಫೋನ್ ಇಟ್ಟುಕೊಂಡು ಸಾರಿ ಸರ್, ಸಾರಿ ಮೇಡಮ್ ಅಂತ ಒತ್ತುತಾ ಇರ್ತಿದ್ದ.

ಆ ಫ್ಲ್ಯಾಟಿನ ಗೀಸರ್ ಒಂದು ಶನಿ. ಸಮುದ್ರದ ಉಪ್ಪುಗಾಳಿ ತಾನೆ, ಒಳಗೆಲ್ಲ ತುಕ್ಕು. ಗೀಸರ್ ಹಾಕಿದರೆ ಸಾಕು, ಟ್ರಿಪ್ಪರ್ ಟಕ್ ಅಂತ ಬೀಳೋದು. ಟ್ರಿಪ್ಪರ್ ಗೊತ್ತಲ್ಲ? ಎಲ್ಲಾದರೂ ಕರೆಂಟ್ ಸೋರಿದರೆ ಮನೆ ಪೂರ್ತಿ ಕರೆಂಟ್ ತಾನೇ ಕಡಿದು ಜೀವ ಉಳಿಸೋ ಸ್ವಿಚ್ಚು. ಏಸಿ ನಿಲ್ಲೋದು, ಟೀವಿ ನಿಲ್ಲೋದು. ಗೆಸ್ಟ್‌ಗಳು ಕಿರಿಚೋರು. ಇವನು ಏನು ಮಾಡಿದ? ಗೀಸರ್ ಬದಲಾಯಿಸಲಿಲ್ಲ. ಎಲೆಕ್ಟ್ರೀಷಿಯನ್ ಕರೆಸಿ ಟ್ರಿಪ್ಪರನ್ನೇ ಕಿತ್ತು, ಡೈರೆಕ್ಟ್ ಲೈನ್ ಕೊಡಿಸಿಬಿಟ್ಟ! ಕಂಪ್ಲೇಂಟ್ ನಿಂತಿತು. ಇದೇ ಹಾಲಲ್ಲಿ ಕೂತು, ಕಾಫಿ ಕುಡೀತಾ, ದೊಡ್ಡ ಸಾಧನೆ ಅನ್ನೋ ಹಾಗೆ ಹೇಳಿಕೊಂಡ.

ಆ ಮನೆ ತೊಳೆಯೋಕೆ ಭೀಮಾಬಾಯಿ ಅಂತ ಒಬ್ಬಳು ಬರ್ತಿದ್ದಳು. ಕಲಬುರಗಿ ಕಡೆಯವಳು. ಅಳಿಯ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ, ಮಗಳ ಜೊತೆ ಇದ್ದಳು. ಈ ತಮಿಳು ಊರಲ್ಲಿ ಕನ್ನಡದವಳು ಸಿಕ್ಕಳು ಅಂತ ನಾನೇ ಖುಷಿಯಾಗಿ ಒಂದು ಸೀರೆ ಕೊಟ್ಟಿದ್ದೆ. ಒಬ್ಬ ಗೆಸ್ಟ್ ಹೋಗಿ ಇನ್ನೊಬ್ಬರು ಬರೋ ಮೊದಲು ಅವಳು ಬಾತ್‌ರೂಮ್ ತಿಕ್ಕಬೇಕು. ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನುತ್ತೆ ಅಂತ ಇವನಿಗೆ ಹೇಳಿದಳು. "ಏನೂ ಆಗಲ್ಲ, ಚಪ್ಪಲಿ ಹಾಕ್ಕೊಂಡು ಮಾಡು" ಅಂದ. ಇನ್ನೊಂದು ಸಲ ಹೇಳಿದಳು. ಆಗಲೂ ಅದೇ ಮಾತು. ಅವಳಿಗೆ ಬರೆಯೋಕೆ ಬರಲ್ಲ, ಫೋನಲ್ಲಿ ಧ್ವನಿ ಮಾಡಿ ಕಳಿಸಿದಳು. ಇವನು ಕೇಳಲೇ ಇಲ್ಲ... ಅವಳೇನು ನಕ್ಷತ್ರ ಕೊಡೋಳಾ?

ಸಂಕ್ರಾಂತಿ ಆದ ವಾರ, ಆ ನಲ್ಲಿ ಅವಳನ್ನ ಹಿಡಿದುಕೊಂಡಿತು.

ಸುಜಯ ಬಾಗಿಲು ತೆಗೆದಾಗ ಬಕೆಟ್ ತುಂಬಿ ನೀರು ಹರೀತಿತ್ತು. ಗುಂಯ್... ಅಂತ ಒಂದೇ ಸದ್ದು. ಅಂಗೈ ಸುಟ್ಟು ನಲ್ಲಿಗೆ ಅಂಟಿತ್ತು. ಮಧ್ಯಾಹ್ನ ಹೊಸ ಗೆಸ್ಟ್ ಬರೋರಿದ್ದರು. ಹಾರ್ಟ್ ಅಟ್ಯಾಕ್ ಅಂತ ಮಗಳಿಗೆ ಹೇಳಿ, ಕೈಗೆ ಬಟ್ಟೆ ಸುತ್ತಿಸಿ ಹೆಣ ಕಳಿಸಿಕೊಟ್ಟ. ನೆಲ ಒರೆಸಿ, ಊದುಬತ್ತಿ ಹಚ್ಚಿ, ಬಂದವರಿಗೆ ಬೀಗದ ಕೈ ಕೊಟ್ಟ. ನನ್ನ ತಮ್ಮನೇ, ಆದರೂ ಹೇಳ್ತೀನಿ, ಚಂಡಾಲ ಕೆಲಸ ಅದು. ಗೀಸರಿಗೆ ಹೊಸ ಕಾಯಿಲ್ ಹಾಕಿಸಿದ. ಟ್ರಿಪ್ಪರ್ ಮಾತ್ರ ಹಾಕಿಸಲಿಲ್ಲ. ಮತ್ತೆ ಬಿದ್ದರೆ ಮತ್ತೆ ಕಂಪ್ಲೇಂಟ್, ನೋಡು!

ಆಮೇಲಿಂದ ಬೇರೆ ತರಹದ ಕಂಪ್ಲೇಂಟ್ ಶುರುವಾಯಿತು... "ನಿಮ್ಮ ಕೆಲಸದ ಹೆಂಗಸು ನನ್ನ ಕೈಗೆ ಹೊಡೆದಳು." ಅಲ್ಲಿ ಯಾವ ಕೆಲಸದ ಹೆಂಗಸೂ ಇರಲಿಲ್ಲ. ಗೀಸರ್ ಸ್ವಿಚ್ಚಿಗೆ ಕೈ ಚಾಚಿದರೆ ಪಟಾರ್! ಒಬ್ಬನಿಗೆ ಬೆರಳು ಮುರಿಯಿತು. ಇನ್ನೊಬ್ಬಳಿಗೆ ಮುಂಗೈ. ಫೋಟೋ ಕಳಿಸಿದ್ದರು, ನಾನೂ ನೋಡಿದೆ. ನಾಲ್ಕು ಬೆರಳಿನ ನೀಲಿ ಗುರುತು, ಪಕ್ಕದಲ್ಲಿ ಬಳೆ ಚುಚ್ಚಿದ ಗಾಯ. ಈ ಮಹಾರಾಯ ಏನು ಬರೆದ ಗೊತ್ತಾ? "ತೊಂದರೆಗೆ ಕ್ಷಮಿಸಿ, ನಮ್ಮ ಸಿಬ್ಬಂದಿಗೆ ತಿಳಿಹೇಳುತ್ತೇವೆ."

ಹೋದ ಆಷಾಢದಲ್ಲಿ ಒಂದು ರಾತ್ರಿ ಬಸ್ ಇಳಿದು ಮನೆಗೆ ಬರ್ತಿದ್ದಾನೆ. ನಮ್ಮ ಬೀದಿ ಮೂಲೆ ಬಾವಿ ಇದೆಯಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿರೋದು? ಅಲ್ಲಿ ರಾಟೆ ಕಿತ್ತು ಯಾವ ಕಾಲವಾಯಿತು. ಇವನಿಗೆ ರಾಟೆ ಸದ್ದು ಕೇಳಿಸಿತು. ಕಿರ್ರ್... ಕಿರ್ರ್... ನಿಂತ. ಹಿಂದೆ ಒದ್ದೆ ಕಾಲಿನ ಸದ್ದು. ಚಪ್... ಚಪ್... ತಿರುಗಿದರೆ ಯಾರೂ ಇಲ್ಲ. ಬಾವಿಕಟ್ಟೆ ಮೇಲೆ ಮಾತ್ರ ನೀರು.

ಆಗ ಫೋನ್ ಟಿಂಗ್ ಅಂತು. ದಾವಣಗೆರೆಯಿಂದ ಬಂದಿದ್ದ ಪ್ರಮೋದ್ ಅನ್ನೋ ಗೆಸ್ಟಿನ ಹೆಂಡತಿ. "ಯಾರೋ ನಮ್ಮವರನ್ನ ಸಾಯೋ ಹಾಗೆ ಹೊಡೀತಿದ್ದಾರೆ. ಮಗು ಬಾತ್‌ರೂಮಲ್ಲಿದೆ. ಬೇಗ ಬನ್ನಿ."

ಆಟೋ ಹಿಡಿದು ಓಡಿದ.

ಬಾಗಿಲು ತೆರೆದೇ ಇತ್ತು. ಹಾಲಿನಲ್ಲಿ ಪ್ರಮೋದ್ ಬಿದ್ದಿದ್ದ. ಎರಡು ಮುಂಗೈಯೂ ಮುರಿದು ಜೋತಾಡ್ತಿದ್ದವು, ತುಟಿ ಸೀಳಿತ್ತು, ಗೋಡೆಗೆಲ್ಲ ರಕ್ತ. ಮಗು ಬಿಸಿನೀರು ಬೇಕು ಅಂದಿತ್ತಂತೆ, ಪ್ರಮೋದ್ ಗೀಸರ್ ಹಾಕಿದನಂತೆ. ಕೈಗೆ ಏಟು ಬಿತ್ತು. ಸಿಟ್ಟು ಬಂದು ಮತ್ತೆ ಹಾಕಿದ. ಆಗ ಎತ್ತಿ ಗೋಡೆಗೆ ಬಡಿಯಿತಂತೆ. ಮಗು ಹೆದರಿ ಬಾತ್‌ರೂಮಿನೊಳಗೆ ಓಡಿತು. ಬಾಗಿಲು ಧಡಾರ್ ಅಂತ ಮುಚ್ಚಿ ಚಿಲಕ ತಾನೇ ಬಿತ್ತು. ಹೆಂಡತಿ ಕುರ್ಚಿಯಿಂದ ಆ ಬಾಗಿಲು ಚಚ್ಚುತ್ತಾ, "ಚಿನ್ಮಯೀ... ಚಿನ್ಮಯೀ..." ಅಂತ ಗಂಟಲು ಹರಕೊಳ್ತಿದ್ದಳು.

ಒಳಗಿನಿಂದ ನೀರು ಬೀಳೋ ಸದ್ದು. ಅದರ ಜೊತೆ ಕಡ್ಡಿಪೊರಕೆ ಸದ್ದು. ಚರ್... ಚರ್... ಗೀಸರಿನ ಕೆಂಪು ದೀಪ ಉರೀತಿತ್ತು.

ಆ ಮನೇಲಿ ಟ್ರಿಪ್ಪರ್ ಇಲ್ಲ ಅಂತ ಅಲ್ಲಿದ್ದವರಲ್ಲಿ ಗೊತ್ತಿದ್ದವನು ಇವನೊಬ್ಬನೇ. ಮಗು ಒದ್ದೆ ಕೈಯಲ್ಲಿ ನಲ್ಲಿ ಹಿಡಿದರೆ ಮುಗೀತು. ಅಡಿಗೆಮನೆಯ ಮೇನ್ ಸ್ವಿಚ್ಚಿಗೆ ಓಡಿದ. ಬಲಗೈ ಚಾಚಿದ...

ಮಣಿಕಟ್ಟನ್ನ ಒಂದು ಒದ್ದೆ ಕೈ ಹಿಡೀತು. ಕಣ್ಣಿಗೆ ಏನೂ ಕಾಣಲಿಲ್ಲ. ಬಳೆ ಮಾತ್ರ ಗಲ್ ಅಂತು. ಕಿವಿ ಹತ್ರ ಮೆಲ್ಲಗೆ, "ಏನೂ ಆಗಂಗಿಲ್ಲಲ್ರೀ ಸರ?"

ಅಂದಿದ್ದೇ ಕೈಯನ್ನ ಕಲ್ಲಿನ ಕಟ್ಟೆಗೆ ಬಡಿಯಿತು. ಲಟಕ್. ಇನ್ನೊಂದು ಸಲ. ಮೂಳೆ ಚರ್ಮ ಸೀಳಿ ಹೊರಗೆ ಬಂತು. ಕುಕ್ಕರ್ ಹಾರಿ ಬಂದು ಹಣೆಗೆ ಹೊಡೀತು. ಕೂದಲು ಹಿಡಿದು ತಲೆಯನ್ನ ಫ್ರಿಜ್ ಬಾಗಿಲಿಗೆ ಗುದ್ದಿತು, ಧಬ್... ಧಬ್... ಕಣ್ಣಿಗೆ ರಕ್ತ ಇಳೀತು. "ಏನೂ ಆಗಂಗಿಲ್ಲಲ್ರೀ?" ಅದೇ ಮಾತು. ಪಾವಂ, ಪಾಪದವಳು, ಬದುಕಿದ್ದಾಗ ದನಿ ಎತ್ತಿದವಳಲ್ಲ, ಆಗಲೂ ಎತ್ತಲಿಲ್ಲ.

"ಆಗುತ್ತೆ!" ಅಂತ ಕಿರುಚಿದ ಇವನು. "ಆಗುತ್ತೆ ಭೀಮಾಬಾಯಿ! ಟ್ರಿಪ್ಪರ್ ತೆಗೆಸಿದ್ದು ನಾನೇ. ನಿನಗೆ ಹಾರ್ಟ್ ಅಟ್ಯಾಕ್ ಆಗಲಿಲ್ಲ, ನಾನು ಸುಳ್ಳು ಹೇಳಿದೆ. ನಿನ್ನ ಮಗಳಿಗೆ ಹೇಳ್ತೀನಿ, ಪೊಲೀಸಿಗೆ ಹೇಳ್ತೀನಿ. ಮಗೂನ ಬಿಡು ತಾಯೀ..."

ಹಿಡಿತ ಸಡಿಲವಾಯಿತು. ಎಡಗೈಯಿಂದ ಮೇನ್ ಎಳೆದ. ಟಕ್. ಕತ್ತಲು... ಕತ್ತಲಲ್ಲಿ ಬಾತ್‌ರೂಮಿನ ಚಿಲಕ ಮೆತ್ತಗೆ ಸರಿಯಿತು.

ಆ ತಾಯಿ ಫೋನ್ ಬೆಳಕು ಹಿಡಿದು ಒಳಗೆ ನುಗ್ಗಿದಳು. ನೆಲದಲ್ಲಿ ಪಾದ ಮುಳುಗುವಷ್ಟು ನೀರು. ಮೂಲೇಲಿ ಬೋರಲು ಹಾಕಿದ ಪ್ಲಾಸ್ಟಿಕ್ ಬಕೆಟ್ ಮೇಲೆ ಮಗು ನಿಂತಿತ್ತು. ಕೂದಲಿಗೆ, ಬಟ್ಟೆಗೆ ಒಂದು ಹನಿ ನೀರು ತಾಕಿರಲಿಲ್ಲ. "ಅಜ್ಜಿ ಎತ್ತಿ ನಿಲ್ಲಿಸಿದ್ರು. ಇಳೀಬ್ಯಾಡ, ಏನೂ ಮುಟ್ಟಬ್ಯಾಡ ಅಂದ್ರು," ಅಂತು.

ಏನೇ? "ಪೊಯ್‌ದಾನೇ ಅತ್ತೆ" ಅಂತೀಯಾ? ಸುಳ್ಳು ಹೇಳೋಕೆ ನನಗೇನು ಸಂಬಳ ಕೊಡ್ತಾರಾ? ಕೂತ್ಕೋ. ಆ ಬಲಗೈ ಇವತ್ತಿಗೂ ಮಡಚೋಕೆ ಬರಲ್ಲ, ಸ್ಪೂನು ಅದಕ್ಕೇ. ಇನ್ನೂ ಮುಗಿದಿಲ್ಲ.

ಕೈಗೆ ಪಟ್ಟಿ ಹಾಕಿಸಿಕೊಂಡು ನೆಟ್ಟಗೆ ಪೆರಂಬೂರಿಗೆ ಹೋದ. ನಾನೂ ಜೊತೆಗೆ ಹೋದೆ. ಭೀಮಾಬಾಯಿ ಮಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಆ ಹುಡುಗಿ ಸೆರಗು ಸಿಕ್ಕಿಸಿ ಎದ್ದಳು. ಸ್ಟೇಷನ್‌ಗೆ ಬಂದು ಕಂಪ್ಲೇಂಟ್ ಬರೆಸಿದಳು, ಇವನು ಸಹಿ ಹಾಕಿದ. ಕೇಸು ಈಗಲೂ ನಡೀತಿದೆ, ಜೈಲಾದರೂ ಆಗಬಹುದು. ಆಗಲಿ.

ಸ್ಟೇಷನ್ನಿಂದ ಹೊರಗೆ ಬಂದ ಮೇಲೆ ಅವಳು ಒಂದೇ ಒಂದು ಮಾತು ಕೇಳಿದಳು. "ನಮ್ಮವ್ವ ನಿಮಗೆ ಫೋನದಾಗ ಏನೋ ಹೇಳಿ ಕಳಿಸಿದ್ಳಲ್ರೀ. ಅದನ್ನರ ಕೇಳಿದ್ರೇನು?"

ಇಲ್ಲ ಅಂದ. ಅಲ್ಲೇ ಬೇವಿನ ಮರದ ಕೆಳಗೆ ನಿಂತು, ಮೂರು ಜನರೂ ಕೇಳಿದೆವು. ಸಂಕ್ರಾಂತಿಗೆ ಮುಂಚೆ ಕಳಿಸಿದ್ದು, ಮಾನ್ಯಾ, ನೆನಪಿಟ್ಟುಕೋ. ದಾವಣಗೆರೆಯವರು ಬಂದದ್ದು ಆಷಾಢದಲ್ಲಿ.

ಮೊದಲು ನೀರಿನ ಸದ್ದು. ಆಮೇಲೆ ಭೀಮಾಬಾಯಿ. "ಸರ... ನಳಾ ಮುಟ್ಟಿದ್ರ ಕೈ ಝುಮ್ ಅಂತದ್ರೀ. ಯಾರನ್ನರ ಕಳಸ್ರಿ."

ಅವಳ ಹಿಂದೆ, ಸ್ವಲ್ಪ ದೂರದಲ್ಲಿ, ಒಂದು ಮಗು ಕೇಳ್ತು. "ಅಜ್ಜೀ, ಇಳೀಲಾ?"

"ತಡಿಯವ್ವ," ಅಂದಳು ಭೀಮಾಬಾಯಿ. "ಅವರು ಬರ್ತಾರ."

ಈ ಎರಡು ಕಿವೀಲಿ ಕೇಳಿದೀನಿ ಕಣೇ. ಫೋನ್ ಈಗಲೂ ಅವನ ದಿಂಬಿನ ಕೆಳಗಿದೆ.