ಕೊಡದೆ ಇಟ್ಟುಕೊಂಡ ಹನ್ನೊಂದು ಚಿತ್ರಗಳು

ಹೆಸರು: ಟಾಯಿಸ್ಟೊ ಕಿವೆಲ. ವಯಸ್ಸು: 68 ವರ್ಷ. ಉದ್ಯೋಗ: ಬಂದರು ಸುಂಕ ಇಲಾಖೆಯ ನಿವೃತ್ತ ತಪಾಸಣಾಧಿಕಾರಿ. ವಾಸ: ಹಳೇ ಪೇಟೆ, ರೌಮಾ ಪಟ್ಟಣ, ಫಿನ್ಲೆಂಡ್. ಈ ದಿನ ಠಾಣೆಗೆ ಕರೆಸಿದ ಮೇರೆಗೆ ಹಾಜರಾಗಿ, ಸ್ವಇಚ್ಛೆಯಿಂದ ನುಡಿದು ಬರೆಯಿಸುವುದೇನೆಂದರೆ:

ನನ್ನ ಒಬ್ಬಳೇ ಮಗಳು ಇಲ್ಮಿ, 34 ವರ್ಷ, ಸ್ವತಂತ್ರವಾಗಿ ಮದುವೆಗಳ ಫೋಟೋ ತೆಗೆಯುವ ಕೆಲಸ ಮಾಡಿಕೊಂಡಿದ್ದಳು. ಅವಳ ಗಿರಾಕಿಗಳ ಕರಾರುಪತ್ರಗಳ ಕರಡನ್ನು ನಾನು ಬರೆದುಕೊಡುತ್ತಿದ್ದೆನು. ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಭಾಗವಹಿಸಿದ್ದರಿಂದ, ಎದುರು ಪಕ್ಷ ಏನು ಕೇಳಬಹುದೆಂದು ಮೊದಲೇ ಯೋಚಿಸುವ ಅಭ್ಯಾಸ ನನಗಿತ್ತು.

ದಿನಾಂಕ 12-03-2023ರ ಭಾನುವಾರ ಸಂಜೆ 5 ಗಂಟೆಗೆ, ಒಟ್ಸೊ ಮತ್ತು ಸನೆಲ್ಮ ಎಂಬುವರ ಮದುವೆಯ ಕರಾರನ್ನು ನನ್ನ ಅಡುಗೆಮನೆಯ ಮೇಜಿನ ಮೇಲೆ ಬರೆಯಲು ಕುಳಿತೆವು. ಫೋಟೋ ತೆಗೆದವರು ತೀರಿಕೊಂಡಲ್ಲಿ ಏನು ಎಂದು ಕೇಳಿದೆನು. ಇಲ್ಮಿಯು, ‘ಅಪ್ಪಾ, ಇದು ಮದುವೆ ಫೋಟೋ, ಯುದ್ಧ ನಿಲ್ಲಿಸೋ ಒಪ್ಪಂದ ಅಲ್ಲ. ಇದನ್ನ ಓದಿದ್ರೆ ಅವರು ಮದುವೇನೇ ಬೇಡ ಅಂತಾರೆ’ ಎಂದು ನಕ್ಕಳು. ಉತ್ತರವಿಲ್ಲದ ಪ್ರಶ್ನೆಯನ್ನು ಕರಾರಿನಲ್ಲಿ ಬಿಡಲಾಗದು ಎಂದು ನಾನು ವಾದಿಸಿದೆನು. ಒಂಬತ್ತನೆಯ ಷರತ್ತನ್ನು ಬರೆದೆನು: ಫೋಟೋಗ್ರಾಫರ್ ಮರಣ ಹೊಂದಿದಲ್ಲಿ, ಆಯ್ದ ಹಾಗೂ ಆಯದ ಎಲ್ಲ ಚಿತ್ರಗಳನ್ನು ಮೂವತ್ತು ದಿನದೊಳಗೆ ಗಿರಾಕಿಗೆ ಒಪ್ಪಿಸತಕ್ಕದ್ದು, ವಾರಸುದಾರರು ಯಾವ ಪ್ರತಿಯನ್ನೂ ಇಟ್ಟುಕೊಳ್ಳತಕ್ಕದ್ದಲ್ಲ. ರಾತ್ರಿ ಊಟದ ಹೊತ್ತಿಗೆ ಕರಡು ಮುಗಿಯಿತು. ಕರಡು ನನ್ನ ಬಳಿಯೇ ಉಳಿಯಿತು. ಅದನ್ನು ನೋಡಿ ಅವಳು ಸಿದ್ಧಪಡಿಸಿದ ಪತ್ರಕ್ಕೆ 14ರಂದು ಸಹಿಗಳಾದವು. ಆ ಪತ್ರವನ್ನು ನಾನು ನೋಡಲಿಲ್ಲ.

ಮದುವೆ 05-08-2023ರಂದು ನಡೆಯಿತು. ದಿನಾಂಕ 19-08-2023ರ ಬೆಳಿಗ್ಗೆ 7.20ಕ್ಕೆ ಇಲ್ಮಿಯು ಮಿದುಳಿನ ರಕ್ತಸ್ರಾವದಿಂದ ಆಸ್ಪತ್ರೆಯಲ್ಲಿ ತೀರಿಕೊಂಡಳು.

ದಿನಾಂಕ 11-09-2023ರಂದು 612 ಚಿತ್ರಗಳನ್ನು ಮದುಮಗ ಒಟ್ಸೊಗೆ ಒಪ್ಪಿಸಿದೆನು. ರಸೀದಿಯಲ್ಲಿ ‘ಇನ್ನೂ ಹನ್ನೊಂದು ಕೊಟ್ಟಿಲ್ಲ’ ಎಂದು ನಾನೇ ಬರೆದೆನು. ಆತ ಮೂರು ಬಾರಿ ಫೋನ್ ಮಾಡಿ ಕಾರಣ ಕೇಳಿದನು. ಮೂರು ಬಾರಿಯೂ, ತಪ್ಪು ನನ್ನದು, ಹೇಳಬಹುದಾದ ಕಾರಣ ನನ್ನಲ್ಲಿಲ್ಲ ಎಂದೆನು. ಮೂವತ್ತು ದಿನದ ಗಡುವು 18ಕ್ಕೆ ಮುಗಿಯಿತು. ಚಿತ್ರಗಳನ್ನು ಜಾಹೀರಾತಿಗೆ ಮಾರಿರಬಹುದೆಂಬ ಅನುಮಾನದಿಂದ ಆತ 26ರಂದು ದೂರು ಕೊಟ್ಟನು. ಅವನ ಅನುಮಾನ ಸಕಾರಣವಾದುದು.

ಈ ದಿನ ಬೆಳಿಗ್ಗೆ 10.15ಕ್ಕೆ ದಂಪತಿಗಳ ಎದುರಿನಲ್ಲಿ ಮೆಮೊರಿ ಕಾರ್ಡನ್ನು ಅಧಿಕಾರಿಗಳಿಗೆ ಒಪ್ಪಿಸಿದೆನು. ಅವರು ಅದನ್ನು ಕಂಪ್ಯೂಟರಿಗೆ ಹಾಕಿದರು. ಮದುವೆಯ ದಿನ ಮಧ್ಯಾಹ್ನ 12.40ರಿಂದ 12.52ರವರೆಗೆ, ಮದುಮಗಳು ಬರುವ ಮುನ್ನ, ಬೆಳಕು ಪರೀಕ್ಷಿಸಲು ಇಲ್ಮಿಯು ತಾನೇ ಕಿಟಕಿಯ ಬಳಿ ನಿಂತು ತೆಗೆದುಕೊಂಡ ಚಿತ್ರಗಳು ಅವು. ಮೊದಲೇ ತಂದಿಟ್ಟಿದ್ದ ಮದುಮಗಳ ಮುಸುಕು ಇಲ್ಮಿಯ ತಲೆಯ ಮೇಲಿದೆ. ಕೈಯಲ್ಲಿ ಕಾಫಿಯ ಲೋಟವಿದೆ. ನಾಲ್ಕನೆಯ ಚಿತ್ರದಲ್ಲಿ ಬಾಯಿ ತೆರೆದಿದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕ್ಯಾಮೆರಾ ತಾನಾಗಿ ತೆಗೆಯಲು ಹತ್ತು ಸೆಕೆಂಡು ಬೇಕು. ಅವಳು ಬಾಯಿಬಿಟ್ಟು ಆ ಹತ್ತನ್ನು ಎಣಿಸುತ್ತಿದ್ದಳೆಂಬುದು ನನ್ನ ಊಹೆ. ಯಾವ ಸಂಖ್ಯೆಯಲ್ಲಿದ್ದಳೆಂದು ಮೂರು ವಾರ ನೋಡಿಯೂ ನಿರ್ಧರಿಸಲಾಗಲಿಲ್ಲ.

ಸನೆಲ್ಮಳು, ‘ನೋಡು, ನನಗಿಂತ ಅವಳಿಗೇ ಚೆನ್ನಾಗಿ ಒಪ್ಪಿದೆ’ ಎಂದು ಹೇಳಿ ಗಂಡನ ತೋಳು ಹಿಡಿದುಕೊಂಡಳು. ಒಟ್ಸೊ, ‘ಯಜಮಾನ್ರೇ, ಮೂರು ಸಲ ಫೋನ್ ಮಾಡಿದೆನಲ್ಲ, ಮಗಳ ಫೋಟೋ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ? ಇವೆಲ್ಲ ನೀವೇ ಇಟ್ಕೊಳ್ಳಿ’ ಎಂದನು. ಒಂಬತ್ತನೆಯ ಷರತ್ತು ಅದಕ್ಕೆ ಅವಕಾಶ ಕೊಡುವುದಿಲ್ಲ, ಅದನ್ನು ಬರೆದವನೇ ನಾನು ಎಂದೆನು. ಅಧಿಕಾರಿಗಳು, ‘ಅಲ್ರೀ, ದೂರು ಕೊಟ್ಟವರೇ ಬೇಡ ಅಂದ್ರೂ ನೀವು ಬಿಡೋದಿಲ್ವಲ್ಲ’ ಎಂದರು.

ಆಗ ಸನೆಲ್ಮಳು ತನ್ನ ಬಳಿಯಿದ್ದ ಸಹಿ ಮಾಡಿದ ಪತ್ರವನ್ನು ತೆರೆದು ಹನ್ನೆರಡನೆಯ ಷರತ್ತನ್ನು ಓದಿದಳು. ನನ್ನ ಕರಡಿನಲ್ಲಿರುವುದು ಹನ್ನೊಂದೇ. ಹನ್ನೆರಡನೆಯದನ್ನು ಇಲ್ಮಿಯು ಕೈಬರಹದಲ್ಲಿ ಸೇರಿಸಿರುತ್ತಾಳೆ: ‘ಚಿತ್ರದಲ್ಲಿರುವ ಯಾರೇ ಆಗಲಿ, ಅವರ ಮನೆಯವರೇ ಆಗಲಿ, ಕೇಳಿದರೆ ಒಂದು ಪ್ರತಿ ಕೊಡಬೇಕು. ಈ ಮಾತಿಗೆ ಮೇಲಿನ ಯಾವ ಷರತ್ತೂ ಅಡ್ಡ ಬರಬಾರದು.’ ಆ ಭಾನುವಾರ ಅವಳು ಇದನ್ನು ಮುಂದಿಟ್ಟಿದ್ದಳು. ಯಾರೇ ಎಂದರೆ ಮದುವೆಮನೆಯಲ್ಲಿ ಪಾತ್ರೆ ತೊಳೆಯುವವಳೂ ಸೇರುತ್ತಾಳೆಯೇ, ಭಾಷೆ ಸಡಿಲವಾಗಿದೆ ಎಂದು ಆಕ್ಷೇಪಿಸಿ ನಾನು ಹೊಡೆದುಹಾಕಿದ್ದೆನು. ‘ಹೂಂ ಅಪ್ಪಾ, ಅವಳೂ ಒಂದಿನ ಚೆಂದ ಕಂಡಿರ್ತಾಳೆ’ ಎಂದಷ್ಟೇ ಅವಳು ಹೇಳಿದ್ದಳು. ನಾನು ಗೆದ್ದೆನೆಂದು ಭಾವಿಸಿದ್ದೆನು.

ಆ ಷರತ್ತಿನ ಮೇಲಿನ ನನ್ನ ಆಕ್ಷೇಪವನ್ನು ಈ ಹೇಳಿಕೆಯ ಮೂಲಕ ಹಿಂತೆಗೆದುಕೊಳ್ಳುತ್ತೇನೆ. ಹನ್ನೊಂದು ಚಿತ್ರಗಳೂ ಗಿರಾಕಿಗೆ ಸೇರಿದವು. ಷರತ್ತಿನ ಪ್ರಕಾರ ಪ್ರತಿಯನ್ನು ಕೇಳಿ ಪಡೆಯಬೇಕು. ಅವಳು ಹೋದಂದಿನಿಂದ ನಾನು ಯಾರನ್ನೂ ಏನನ್ನೂ ಕೇಳಿರುವುದಿಲ್ಲ. ಈಗ ಕೇಳುತ್ತಿದ್ದೇನೆ. ನಾಲ್ಕನೆಯ ಚಿತ್ರದ ಒಂದು ಪ್ರತಿ ಕೊಡಿರಿ.

ಇದನ್ನು ನನಗೆ ಓದಿ ಹೇಳಲಾಗಿದೆ. ನಾನು ನುಡಿದಂತೆಯೇ ಇದೆ, ನಿಜವಿದೆ.

ಸ್ಥಳ: ರೌಮಾ
ದಿನಾಂಕ: 02-10-2023, ಬೆಳಿಗ್ಗೆ 11.50
ಸಹಿ: ಟಾಯಿಸ್ಟೊ ಕಿವೆಲ, ಇಲ್ಮಿಯ ತಂದೆ