ಹಾರ್ನಿಗೆ ಸಾಲದ ಕರೆಂಟು

ನನ್ನ ಹೆಸರು ಬಸವಕುಮಾರ್ ತಂದೆ ಉಜ್ಜಿನಪ್ಪ, ವಯಸ್ಸು 46 ವರ್ಷ, ವಿದ್ಯಾಭ್ಯಾಸ ಬಿ.ಎ., ವೃತ್ತಿ ವಾಹನಗಳಿಗೆ ನಂಬರ್ ಪ್ಲೇಟ್ ಹಾಗೂ ಸ್ಟಿಕ್ಕರ್ ಮಾಡುವ ಅಂಗಡಿ, ವಾಸ ಚಿತ್ತವಾಡಗಿ, ಹೊಸಪೇಟೆ. ಆಸ್ಪತ್ರೆಯ ವಾರ್ಡಿನಲ್ಲಿ ನನ್ನ ಹೆಂಡತಿಯ ಮಂಚದ ಪಕ್ಕ ಕುಳಿತು, ಪೊಲೀಸರು ಕೇಳಿದ್ದಕ್ಕೆ ಹೇಳಿ ಬರೆಸುವುದೇನೆಂದರೆ,

ನನ್ನ ಹೆಂಡತಿ ಚಂದ್ರಕಲಾ, 41 ವರ್ಷ, ಸಂಡೂರಿನ ಒಂದು ರಕ್ತ ಪರೀಕ್ಷಾ ಕೇಂದ್ರದಲ್ಲಿ ಟೆಕ್ನಿಷಿಯನ್. ದಿನಾಲೂ ನಮ್ಮ ಬಿಳಿ ಕಾರನ್ನು ತಾನೇ ನಡೆಸಿಕೊಂಡು ಹೋಗಿ ಬರುತ್ತಾಳೆ. ಆ ರಸ್ತೆಯಲ್ಲಿ ಅದಿರು ಲಾರಿಗಳು ಹೆಚ್ಚು. ಆದ್ದರಿಂದ ಏರ್‌ಬ್ಯಾಗ್ ಇರುವ ಕಾರೇ ಬೇಕೆಂದು ಹಟ ಹಿಡಿದವಳೂ ಅವಳೇ.

ಕಳೆದ ಜೂನ್‌ನಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಹೊತ್ತಿಕೊಂಡು ಆರದೆ ಉಳಿಯಿತು. ಸ್ಟೀರಿಂಗ್ ಮೇಲಿನ ಹಾರ್ನೂ ಸುಮ್ಮನಾಯಿತು. ಕಾರನ್ನು ನನ್ನ ಹೆಂಡತಿಯ ತಮ್ಮ ತಿಪ್ಪೇಶನ ಗ್ಯಾರೇಜಿನಲ್ಲಿ ಬಿಟ್ಟೆವು. ಸ್ಟೀರಿಂಗ್ ತಿರುಗಿದಂತೆ ಸುತ್ತಿ ಬಿಚ್ಚುವ ವೈರಿನ ಪಟ್ಟಿ ಒಳಗೆ ತುಂಡಾಗಿದೆ, ಹಾರ್ನಿಗೂ ಬ್ಯಾಗಿಗೂ ಅದರಲ್ಲೇ ಕರೆಂಟು ಹೋಗುತ್ತದೆ ಎಂದು ಅವನು ತಿಳಿಸಿದನು. ಪಟ್ಟಿಯ ಬದಲು ತಾನೇ ತಯಾರಿಸಿದ ವೈರ್‌ಲೆಸ್ ಹಾಕುವುದಾಗಿಯೂ, ಸ್ಟೀರಿಂಗಿನ ಕಂಬದ ಮೇಲೊಂದು ತಾಮ್ರದ ಸುರುಳಿ, ಚಕ್ರದೊಳಗೆ ಇನ್ನೊಂದು ಸುರುಳಿ, ನಡುವಿನ ಗಾಳಿಯಲ್ಲೇ ಕರೆಂಟು ದಾಟಿ, ಡಿಕ್ಕಿಯಾದಾಗ ಬ್ಯಾಗನ್ನು ಸಿಡಿಸುವುದಾಗಿಯೂ ಹೇಳಿದನು. ಎರಡು ಸುರುಳಿಗಳನ್ನು ಎದುರುಬದುರು ಹಿಡಿದು, ವೈರಿಲ್ಲದೆ ಒಂದು ಚಿಕ್ಕ ಬಲ್ಬು ಉರಿಸಿ ತೋರಿಸಿದನು. ಕಂಪ್ಲಿಯಿಂದ ಬಂದಿದ್ದ ನನ್ನ ಅತ್ತೆ ಪಂಪಮ್ಮ ಬಲ್ಬಿಗೆ ಕೈ ಮುಗಿದರು.

ಮರುದಿನ ಕಾರು ಬಂತು. ಕೆಂಪು ದೀಪ ಆರಿತ್ತು. ಆದರೆ ಹಾರ್ನ್ ಮಾತ್ರ ಸ್ಟೀರಿಂಗಿನಿಂದ ಇಳಿದು ಗೇರಿನ ಪಕ್ಕದಲ್ಲಿ ಒಂದು ಕರಿ ಗುಂಡಿಯಾಗಿ ಕುಳಿತಿತ್ತು. ಕೇಳಿದ್ದಕ್ಕೆ, ಗಾಳಿಯಲ್ಲಿ ಬರುವ ಕರೆಂಟು ಹಾರ್ನಿಗೆ ಸಾಲುವುದಿಲ್ಲ ಎಂದನು. ಹಾರ್ನಿಗೆ ಸಾಲದ್ದು ಬ್ಯಾಗಿಗೆ ಹೇಗೆ ಸಾಕು ಎಂದು ನಾನು ಕೇಳಿದೆನು. ಅದಕ್ಕೆ ತಿಪ್ಪೇಶನು, “ಮಾಮಾ, ಹಾರ್ನು ದಿನಾ ಹೊಡೀತೀರಿ. ಬ್ಯಾಗು ಸಿಡಿಯೋದು ಒಂದ ಸಲ. ಒಂದ್ ಸಲಕ್ಕ ಸಾಕು” ಎಂದನು. ನನ್ನ ಹೆಂಡತಿಯು, “ನಮ್ಮ ತವರಿನವ್ರು ಏನ್ ಮಾಡಿದ್ರೂ ನಿಮಗ ಅನುಮಾನ. ದೀಪ ಆರೈತಿ, ಬಾಯಿ ಮುಚ್ರಿ” ಎಂದಳು. ಮುಚ್ಚಿದೆನು.

ದಿನಾಂಕ 19-09-2025ರಂದು ಬೆಳಿಗ್ಗೆ 8-10ಕ್ಕೆ ಚಂದ್ರಕಲಾ ಮನೆ ಬಿಟ್ಟಳು. 8-35ಕ್ಕೆ ಯಾರೋ ಅವಳ ಫೋನಿನಿಂದ ಕರೆ ಮಾಡಿ, ಸಂಡೂರು ರಸ್ತೆಯ ತಿರುವಿನಲ್ಲಿ ನಿಂತಿದ್ದ ಅದಿರು ಲಾರಿಗೆ ಕಾರು ಗುದ್ದಿದೆ ಎಂದರು. ನಾನು ಬೈಕಿನಲ್ಲಿ 8-55ಕ್ಕೆ ತಲುಪಿದೆನು. ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಜನ ಮುಟ್ಟಲು ಹೆದರಿ ಸುತ್ತ ನಿಂತಿದ್ದರು. ಲಾರಿಯ ಹಿಂದೆ, “ದೂರ ಇರು ಸ್ವಲ್ಪ, ನಮ್ಮ ಬ್ರೇಕಿನ ಆಯುಷ್ಯ ಅಲ್ಪ” ಎಂದು ಬರೆದಿತ್ತು. ಪ್ರಾಸ ನನ್ನದು. ಅಕ್ಷರ ಕತ್ತರಿಸಿ ಅಂಟಿಸಿದವನೂ ನಾನೇ. ಕಾರಿನ ಮೂತಿ “ಆಯುಷ್ಯ”ದ ಕೆಳಗೆ ಹೊಕ್ಕಿತ್ತು.

ಚಂದ್ರಕಲಾ ಬೆಲ್ಟ್ ಹಾಕಿದ್ದಳು. ಆದರೂ ಗದ್ದ ಸ್ಟೀರಿಂಗಿಗೆ ಬಡಿದು ದವಡೆ ಮುರಿದು, ರಕ್ತ ಮಡಿಲಿಗೆ ಇಳಿದಿತ್ತು. ಸ್ಟೀರಿಂಗಿನ ನಡುವಿನ ಮುಚ್ಚಳ ಮುಚ್ಚಿದಂತೆಯೇ ಇತ್ತು. ಬ್ಯಾಗ್ ಸಿಡಿದಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಏಕೆಂದರೆ ಅವಳ ತಲೆಯನ್ನು ಆ ಮುಚ್ಚಳದ ಮೇಲಿಂದ ಎತ್ತಿದವನು ನಾನು.

ಆಂಬುಲೆನ್ಸ್ ಹೊರಡುವಾಗ ತಿಪ್ಪೇಶನು ಕಾರು ಎಳೆಯುವ ಗಾಡಿಯೊಂದಿಗೆ ಬಂದನು. ಅಕ್ಕ ಹೇಗಿದ್ದಾಳೆ ಎಂದು ಕೇಳಲಿಲ್ಲ. ಕಾರಿನ ಕೀಲಿ ಕೇಳಿದನು. ಗಾಬರಿಯಲ್ಲಿ ಕೊಟ್ಟೆನು.

ಅದೇ ಸಂಜೆ ಅವಳ ಕೈಚೀಲ ತರಲು ಗ್ಯಾರೇಜಿಗೆ ಹೋದೆನು. ನೋಡಿದರೆ ಸ್ಟೀರಿಂಗಿನಿಂದ ಏರ್‌ಬ್ಯಾಗ್ ಸಿಡಿದು ಜೋತುಬಿದ್ದಿತ್ತು. ತಿಪ್ಪೇಶನು, “ನೋಡ್ರಿ ಮಾಮಾ, ಬಿಚ್ಚೈತಿ. ಗಾಬರ್ಯಾಗ ನೀವು ನೋಡಿಲ್ಲ. ಇದಿಲ್ಲಾಂದ್ರ ಅಕ್ಕ ಉಳೀತಿದ್ಲೇನು?” ಎಂದನು. ಸೀಟಿನ ಬಟ್ಟೆ ರಕ್ತ ಒಣಗಿ ಗಡುಸಾಗಿತ್ತು. ಬ್ಯಾಗಿನ ಮೇಲೆ ಒಂದು ಹನಿ ಇರಲಿಲ್ಲ. ರಕ್ತದ ಕಲೆ ಅಷ್ಟು ಸುಲಭವಾಗಿ ಹೋಗುವುದಿಲ್ಲವೆಂದು, ಅದೇ ಕೆಲಸದಲ್ಲಿರುವ ನನ್ನ ಹೆಂಡತಿ ಏಪ್ರನ್ ಒಗೆಯುವಾಗೆಲ್ಲ ಹೇಳಿದ್ದಾಳೆ. ಗೇರಿನ ಪಕ್ಕದ ಕರಿ ಗುಂಡಿ ಇರಲಿಲ್ಲ, ಅದಿದ್ದ ತೂತಿತ್ತು. ನಾನು ಬ್ಯಾಗನ್ನು ಸರಿಸಿ ಸ್ಟೀರಿಂಗಿನ ನಡುವೆ ಒತ್ತಿದೆನು. ಹಾರ್ನ್ ಕೂಗಿತು. ಗ್ಯಾರೇಜಿನಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ತಿಪ್ಪೇಶನು, “ಗುದ್ದಿದ ಪೆಟ್ಟಿಗೆ ತಾನ ಸರಿ ಆಗಿರಬೇಕು ತಗೋರಿ” ಎಂದನು.

ಇವನು ಬೇರೆ ಕಾರಿನ, ಮೊದಲೇ ಸಿಡಿದಿದ್ದ ಸ್ಟೀರಿಂಗನ್ನು ವೈರಿನ ಪಟ್ಟಿ ಸಮೇತ ಜೋಡಿಸಿ, ತನ್ನ ವೈರ್‌ಲೆಸ್ ಇದ್ದ ನಮ್ಮ ಸ್ಟೀರಿಂಗನ್ನು ಬಚ್ಚಿಟ್ಟಿದ್ದಾನೆಂದು ನನಗೆ ಬಲವಾದ ಅನುಮಾನವಿದೆ. ಜೂನ್‌ನಲ್ಲಿ ಆ ಕೆಂಪು ದೀಪವನ್ನೂ ರಿಪೇರಿಯಿಂದ ಆರಿಸಿದನೋ, ಬ್ಯಾಗ್ ಸರಿಯಿದೆಯೆಂದು ಕಾರಿಗೇ ಸುಳ್ಳು ಹೇಳಿ ಆರಿಸಿದನೋ ಎಂಬ ಅನುಮಾನವೂ ಇದೆ.

ಗ್ಯಾರೇಜಿನಿಂದ ಹೊರಗೆ ಬಂದಾಗ, ಹಂಪಿಯಲ್ಲಿ ಪ್ರವಾಸಿಗರ ಟ್ಯಾಕ್ಸಿ ಓಡಿಸುವ ಮಹಾಂತೇಶ ಚಕ್ರಕ್ಕೆ ಗಾಳಿ ತುಂಬಿಸುತ್ತಿದ್ದನು. ಅವನ ಗೇರಿನ ಪಕ್ಕದಲ್ಲೂ ಅಂಥದೇ ಕರಿ ಗುಂಡಿ ಇತ್ತು. ನನ್ನ ಹೆಂಡತಿಯ ಸ್ಥಿತಿ ತಿಳಿಸಿ, ಗಾಡಿ ಓಡಿಸಬೇಡ ಎಂದೆನು. ಅವನು, “ದೀಪ ಆರೈತಲ್ಲಣ್ಣಾ, ಮತ್ತೇನ್ ಬೇಕು? ನಮ್ಮ ಸ್ಟ್ಯಾಂಡಿನಾಗ ಇನ್ನೂ ಮೂರ್ನಾಲ್ಕು ಮಂದಿ ಹಾಕಿಸ್ಯಾರ. ಎಲ್ಲಾರ್ದೂ ಆರೈತಿ” ಎಂದು ಹೇಳಿ, ಪ್ರವಾಸಿಗರನ್ನು ಕರೆತರಲು ರೈಲ್ವೆ ಸ್ಟೇಷನ್ನಿಗೆ ಹೊರಟುಹೋದನು.

ನಿನ್ನೆ ತಿಪ್ಪೇಶನು ಎಳನೀರು ಹಿಡಿದು ವಾರ್ಡಿಗೆ ಬಂದನು. ದವಡೆಗೆ ತಂತಿ ಬಿಗಿದಿರುವುದರಿಂದ ಚಂದ್ರಕಲಾಗೆ ಮಾತಾಡಲು ಬರುವುದಿಲ್ಲ. “ಅಕ್ಕಾ, ಮಾತು ಬ್ಯಾಡ. ಬ್ಯಾಗು ಬಿಚ್ಚಿತ್ತೇನು ಅಂತ ಪೊಲೀಸ್ರು ಕೇಳಿದ್ರ ತಲಿ ಆಡಿಸು, ಸಾಕು” ಎಂದನು. ಅವಳು ಅವನ ಕೈ ಹಿಡಿದು ತನ್ನ ಗದ್ದದ ಹೊಲಿಗೆಯ ಮೇಲೆ ಇಟ್ಟುಕೊಂಡಳು. ಬಿಡಲಿಲ್ಲ. ಅವನೇ ಕಿತ್ತುಕೊಂಡು ಹೋದನು. ಎಳನೀರು ಯಾರೂ ಕುಡಿದಿಲ್ಲ. ಅತ್ತೆ ಪಂಪಮ್ಮ ನನಗೆ, “ಕೇಸ್ ಹಾಕಿದ್ರ ಆಕಿಗೆ ತವರು ಇಲ್ಲ, ನೋಡಪಾ” ಎಂದರು.

ಆದ್ದರಿಂದ ನಮ್ಮ ಸ್ಟೀರಿಂಗನ್ನು ಹುಡುಕಿಸಿ, ತಿಪ್ಪೇಶನ ಮೇಲೆ ಕಾನೂನು ಕ್ರಮ ಕೈಗೊಳ್ಳಬೇಕು. ಅದಕ್ಕೂ ಮೊದಲು ಹಂಪಿಯ ಆ ಟ್ಯಾಕ್ಸಿಗಳನ್ನು ನಿಲ್ಲಿಸಬೇಕು. ಇದನ್ನು ನಾನು ಬರೆಸುತ್ತಿರುವಾಗಲೂ ಅವು ಜನರನ್ನು ಕೂರಿಸಿಕೊಂಡು ಓಡಾಡುತ್ತಿವೆ.

ಈ ಬರಹವನ್ನು ನಮ್ಮೆಲ್ಲರ ಎದುರು ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದೆ, ಹೇಳಿದ್ದೆಲ್ಲ ನಿಜವಿದೆ. ತನ್ನ ತಮ್ಮನ ಹೆಸರಿರುವ ಪುಟಗಳಿಗೆ ಚಂದ್ರಕಲಾ ತಾನೂ ಸಹಿ ಮಾಡಿದ್ದಾಳೆ. ಸಾಕ್ಷಿಯಾಗಿ ಸಹಿ ಹಾಕಲು ಪಂಪಮ್ಮ ಒಪ್ಪಲಿಲ್ಲ. ಎದ್ದು ಹೋಗಲೂ ಇಲ್ಲ.

ಸ್ಥಳ: ಹೊಸಪೇಟೆ
ದಿನಾಂಕ: 21-09-2025
ಸಹಿ/- ಬಸವಕುಮಾರ್
ಸಹಿ/- ಚಂದ್ರಕಲಾ